ಸಿಡಿಯದ ತೋಟಾ

ಅಜ್ಜನ ಮನೆಗೆ ಟ್ರಕ್ಕಿನಲ್ಲಿ ಬರುವಾಗಲೇ, ನಾನು ಮದುವೆಯಾಗಬೇಕೆಂದಿದ್ದ ಕರ್ಟಿಸ್‌ಗೆ ಮೂರು ಮಾತು ಹೇಳಿಕೊಟ್ಟಿದ್ದೆ. ಅಜ್ಜಿ ಕಾಫಿ ಕೊಟ್ಟರೆ ಬೇಡ ಅನ್ನಬಾರದು. ಹಬೆಸ್ನಾನದ ಸೌನಾ ಕೋಣೆ ಬಿಸಿಯಾಯಿತು ಅನ್ನಬಾರದು. ಅಜ್ಜನ ಎದುರು ಕೇಪಿನ ಗುಳಿಯ ಸುದ್ದಿಯನ್ನಂತೂ ಎತ್ತಲೇಬಾರದು.

ಹಾರಿಸಿದ ತೋಟಾದ ಹಿತ್ತಾಳೆ ಚಿಪ್ಪಿಗೆ ಹೊಸ ಕೇಪು, ಮದ್ದು, ಗುಂಡು ತುಂಬಿ ಮತ್ತೆ ಬಳಸುವುದು ನಮ್ಮ ಕಡೆ ಮನೆಮನೆಯ ಕೆಲಸ. ಬಂದೂಕಿನ ಸೂಜಿ ಬಡಿದಾಗ ಮದ್ದಿಗೆ ಕಿಡಿ ಹೊತ್ತಿಸುವ ಈ ಕೇಪು ಕೂರಲು ಚಿಪ್ಪಿನ ತಳದಲ್ಲಿ ಬಟಾಣಿ ಕಾಳಿನಷ್ಟಗಲದ ಗುಳಿ ಇರುತ್ತದೆ. ಒಮ್ಮೆ ಹಾರಿಸಿದರೆ ಅದರಲ್ಲಿ ಮಸಿ ಕಟ್ಟುತ್ತದೆ. ಆ ಮಸಿಯನ್ನು ಕೆರೆದು ತೆಗೆಯಬೇಕೋ, ಹಾಗೇ ಬಿಟ್ಟರೂ ನಡೆಯುತ್ತದೋ? ಇದೊಂದು ಪ್ರಶ್ನೆಗೆ ನಮ್ಮೂರಿನಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.

ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರುವಾಗುವುದಿತ್ತು. ಕಾಡಿನಲ್ಲಿರುವ ಅಜ್ಜನ ಕ್ಯಾಂಪಿನಲ್ಲಿ ಐದು ಹಾಸಿಗೆ, ಅದರಲ್ಲಿ ಒಂದು ಖಾಲಿ. ಅದು ಯಾರಿಗೆ ಸಿಗುತ್ತದೋ ಅವನೇ ನಮ್ಮ ಮನೆಯವನು. ಚರ್ಚು, ಉಂಗುರ ಎಲ್ಲ ಆಮೇಲಿನ ಮಾತು. ಆ ಹಾಸಿಗೆ ಕರ್ಟಿಸ್‌ಗೇ ಸಿಗಲಿ ಎಂದು ನಾನು ಬೇಸಿಗೆಯಿಂದ ಕನಸು ಕಾಣುತ್ತಿದ್ದೆ.

"ಬಾರಪ್ಪಾ, ಸೇತುವೆ ಕೆಳಗಿನವನೇ!" ನೆಲಮಾಳಿಗೆಯ ಮೆಟ್ಟಿಲಲ್ಲೇ ಅಜ್ಜ ಐನಾರ್ ಸ್ವಾಗತಿಸಿದ. ನಮ್ಮ ಸೀಮೆಗೆ ದಾಟಿ ಬರುವ ದೊಡ್ಡ ಸೇತುವೆಯ ದಕ್ಷಿಣಕ್ಕೆ ಹುಟ್ಟಿದವರೆಲ್ಲ ನಮಗೆ 'ಕೆಳಗಿನವರೇ'. ಅಜ್ಜಿ ಲೆಂಪಿಯ ಕತೆಗಳಲ್ಲಂತೂ ಸೇತುವೆಯ ಕೆಳಗೆ ವಾಸಿಸುವವರು ರಾಕ್ಷಸರು ಮಾತ್ರ.

"ನಮಸ್ಕಾರ ಸರ್," ಎಂದ ಕರ್ಟಿಸ್.

"ಸರ್ ಯಾಕೋ? ನಾನೇನು ಬ್ಯಾಂಕ್ ಮ್ಯಾನೇಜರಾ? ಅಜ್ಜ ಅನ್ನು. ತಗೋ, ಇದನ್ನ ಹಿಡ್ಕೋ." ಅಜ್ಜ ಅವನ ಕೈಗೆ ಕೆರೆಯುವ ಪುಟ್ಟ ಉಳಿಯನ್ನೂ ಖಾಲಿ ಚಿಪ್ಪುಗಳ ಕಾಫಿ ಡಬ್ಬಿಯನ್ನೂ ಕೊಟ್ಟ. "ಇನ್ನೂರಿವೆ. ಒಂದೊಂದು ಗುಳಿನೂ ಬೆಳ್ಳಿ ಹಾಗೆ ಹೊಳೀಬೇಕು."

ನಾನು ಕರ್ಟಿಸ್‌ನ ಕಾಲು ತುಳಿದೆ. ಪ್ರಯೋಜನವಾಗಲಿಲ್ಲ. ಅವನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿರುವವನು. ಅಳತೆಯ ವಿಷಯ ಬಂದರೆ ಅವನ ಬಾಯಿಗೆ ಬೀಗವಿಲ್ಲ. ಅಳತೆಯಲ್ಲಿ ಸುಳ್ಳು ಹೇಳಿದ್ದನ್ನಂತೂ ನಾನು ಕಂಡೇ ಇಲ್ಲ.

"ನಾನು ನಾನೂರು ತೋಟಾ ಹಾರಿಸಿ ಬರೆದಿಟ್ಟಿದ್ದೀನಿ ಅಜ್ಜಾ. ಅರ್ಧ ಕೆರೆದಿದ್ದು, ಅರ್ಧ ಮಸಿ ಸಮೇತ. ಗುರಿಯಲ್ಲಿ ಏನೂ ವ್ಯತ್ಯಾಸ ಕಾಣ್ಲಿಲ್ಲ."

ಕಾಫಿ ತಂದ ಅಜ್ಜಿ ಮೆಟ್ಟಿಲಲ್ಲೇ ನಿಂತಳು. "ಕೇಳಿಸ್ತಾ ಮುದುಕಾ? ಇಷ್ಟು ವರ್ಷ ನೀನು ಕೆರೆದದ್ದೆಲ್ಲ ದಂಡ ಅಂತೆ!"

"ನೀನು ಸುಮ್ನಿರು. ಆವತ್ತು ನೀನು ಸರಿಯಾಗಿ ಕೆರೆದಿದ್ರೆ ಈ ಮಾತೇ ಬರ್ತಿರ್ಲಿಲ್ಲ." ಅಜ್ಜ ಕಿಟಕಿಯ ಕಟ್ಟೆಗೆ ಬೆರಳು ತೋರಿಸಿದ. ಅಲ್ಲಿ ಒಂದೇ ಒಂದು ತೋಟಾ ನೆಟ್ಟಗೆ ನಿಂತಿತ್ತು. ನಾನು ಹುಟ್ಟುವ ಮೊದಲಿನಿಂದಲೂ ಅದು ಅಲ್ಲೇ ಇದೆ. "ನಮ್ಮ ಮದುವೆಯಾದ ವರ್ಷ. ಗುಳಿ ಕೆರೆಯೋ ಕೆಲಸ ಇವಳದ್ದು. ಬೆಳಿಗ್ಗೆ ಹಿಮದಲ್ಲಿ ಕೂತಿದ್ದೆ, ನಲವತ್ತು ಹೆಜ್ಜೆ ದೂರದಲ್ಲಿ ಬಂದು ನಿಂತ ನೋಡು, ಗಂಡುಜಿಂಕೆ! ಕೊಂಬಿಗೆ ಹದಿಮೂರು ಕವಲು."

"ಹೋದ ವರ್ಷ ಹನ್ನೊಂದಿತ್ತು," ಎಂದಳು ಅಜ್ಜಿ.

"ಟ್ರಿಗರ್ ಎಳೆದೆ. ಟಿಕ್! ಅಷ್ಟೇ. ಯಾಕೆ ಹೇಳು? ಗುಳೀಲಿ ಮಸಿ ಇದ್ರೆ ಕೇಪು ಪೂರ್ತಿ ಒಳಗೆ ಕೂರಲ್ಲ. ಸೂಜಿಯ ಏಟೆಲ್ಲ ಅದನ್ನ ಒಳಗೆ ನೂಕೋದ್ರಲ್ಲೇ ಖರ್ಚಾಗಿಹೋಗುತ್ತೆ. ಆ ಜಿಂಕೆ ನನ್ನನ್ನ ನೋಡಿ ನಕ್ಕು ಹೋಯ್ತು. ನಿನ್ನ ಪುಸ್ತಕದಲ್ಲಿ ಇದನ್ನೂ ಬರ್ಕೋ. ಈ ತೋಟಾನೇ ಸಾಕ್ಷಿ."

ಸಾಕ್ಷಿ ಎಂದರೆ ಕರ್ಟಿಸ್ ಸುಮ್ಮನಿರುವವನೇ? ತೋಟಾವನ್ನು ಎತ್ತಿ, ತಳವನ್ನು ಬೆಳಕಿಗೆ ತಿರುಗಿಸಿದ. ನಾನೂ ಇಣುಕಿದೆ.

ಕೇಪಿನ ಮುಖ ಹೊಸ ನಾಣ್ಯದಂತೆ ನುಣ್ಣಗಿತ್ತು. ಸೂಜಿ ಬಡಿದಿದ್ದರೆ ನಡುವೆ ಒಂದು ಕುಳಿ ಬಿದ್ದಿರಲೇಬೇಕು. ಒಂದು ಗೀರೂ ಇಲ್ಲ. ಆವತ್ತು ಅಜ್ಜ ಟ್ರಿಗರ್ ಎಳೆದೇ ಇರಲಿಲ್ಲ. ಆ ಜಿಂಕೆಯನ್ನು ಸುಮ್ಮನೆ ನೋಡುತ್ತಾ ಕೂತುಬಿಟ್ಟಿದ್ದ.

ಅಜ್ಜನ ನಗು ನಿಂತುಹೋಗಿತ್ತು. ಅವನು ಕರ್ಟಿಸ್‌ನ ಮುಖವನ್ನೇ ನೋಡುತ್ತಿದ್ದ. ನಾನು ಮನಸ್ಸಿನಲ್ಲೇ ಆ ಹಾಸಿಗೆಗೆ ವಿದಾಯ ಹೇಳಿದೆ.

"ಏನು ಕಾಣ್ಸುತ್ತಪ್ಪಾ?" ಅಜ್ಜನ ದನಿ ಸಣ್ಣಗಾಗಿತ್ತು.

ಕರ್ಟಿಸ್ ತೋಟಾವನ್ನು ಇನ್ನೊಮ್ಮೆ ತಿರುಗಿಸಿದ. ಕನ್ನಡಕ ಸರಿಮಾಡಿಕೊಂಡ. "ಕೇಪು ಕೂದಲೆಳೆಯಷ್ಟು ಎತ್ತರ ಕೂತಿದೆ ಅಜ್ಜಾ," ಎಂದ. "ಮಸಿಯದ್ದೇ ಕೆಲಸ ಇರ್ಬೇಕು."

ತೋಟಾವನ್ನು ಮೊದಲಿನ ಜಾಗದಲ್ಲೇ, ತಳ ಕೆಳಗಾಗಿ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಮೊದಲ ಚಿಪ್ಪು ಕೆರೆಯಲು ಕೂತ. ಕಿವಿ ಮಾತ್ರ ಕೆಂಪಗಾಗಿತ್ತು.

ಅಜ್ಜ ಅವನ ಮುಂದೆ ಕಾಫಿ ಲೋಟ ಸರಿಸಿದ. "ಒಲೆ ಪಕ್ಕದ ಹಾಸಿಗೆ ನಿಂದು," ಎಂದ. "ಗೊರಕೆ ಹೊಡೆಯೋ ಹಾಗಿಲ್ಲ. ಆ ಹಕ್ಕು ನನಗೊಬ್ಬನಿಗೇ."

ಕಾಫಿ ಇಟ್ಟು ಮೇಲೆ ಹೋಗಿದ್ದ ಅಜ್ಜಿಯ ಹಿಂದೆ ನಾನೂ ಅಡುಗೆಮನೆಗೆ ಓಡಿದೆ. ಅವಳು ಏಲಕ್ಕಿ ಬ್ರೆಡ್ಡು ಕೊಯ್ಯುತ್ತಿದ್ದಳು.

"ಅಜ್ಜೀ, ಆ ತೋಟಾ..."

"ಶನಿವಾರ ಶನಿವಾರ ಆ ಕಿಟಕಿ ಒರೆಸೋಳು ಯಾರೇ, ನೀನಾ?"

"ಅಂದ್ರೆ ನಿನಗೆ ಮೊದಲೇ ಗೊತ್ತಿತ್ತಾ? ತಪ್ಪು ನಿನ್ನ ತಲೆಗೆ ಕಟ್ಟಿದ್ದಾನಲ್ಲ! ಒಂದ್ಸಲನೂ ಕೇಳ್ಲಿಲ್ವಾ?"

"ಕೇಳಿದ್ದಿದ್ರೆ ಆ ಜಿಂಕೆ ಎಂಟು ಕವಲಿಗೇ ನಿಂತುಹೋಗ್ತಿತ್ತು. ಈಗ ನೋಡು, ಎಷ್ಟು ಚೆನ್ನಾಗಿ ಬೆಳೀತಾ ಇದೆ." ಬ್ರೆಡ್ಡಿನ ತುದಿಯನ್ನು ನನ್ನ ಬಾಯಿಗೆ ತುರುಕಿದಳು. "ನಿನ್ನ ರಾಕ್ಷಸ ಪರವಾಗಿಲ್ಲ ಕಣೇ. ಸುಳ್ಳು ಹೇಳೋಕೆ ಸರಿಯಾಗಿ ಬರಲ್ಲ, ಆದ್ರೂ ಹೇಳ್ದ."

ಕೆಳಗಿನಿಂದ ಹಿತ್ತಾಳೆ ಕೆರೆಯುವ ಕಿರ್ ಕಿರ್ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಅಜ್ಜ ಪಿಸುಗುಟ್ಟುತ್ತಿದ್ದ. ಅವನಿಗೆ ಕಿವಿ ಮಂದ. ಪಿಸುಗುಟ್ಟಿದರೂ ಬೀದಿಗೆ ಕೇಳಿಸುತ್ತದೆ.

"ಸಾಕು ಬಿಡೋ, ಹತ್ತು ಕೆರೆದ್ಯಲ್ಲ. ಉಳಿದಿದ್ದು ಹಾಗೇ ಇರ್ಲಿ. ನಾನೂ ಹಂಗೇ ಮಾಡೋದು, ಏನೂ ವ್ಯತ್ಯಾಸ ಆಗಲ್ಲ. ಅವಳಿಗೆ ಮಾತ್ರ ಹೇಳ್ಬೇಡ."

ಅಜ್ಜಿ ಚಾಕು ಕೆಳಗಿಟ್ಟು, ನಗು ತಡೆಯಲಾರದೆ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು.