ಕಪ್ಪು ಕೆಸರಿಗೆ ಉಸಿರು

ಒಂದಾನೊಂದು ಕಾಲದಲ್ಲಿ, ಕಡಲು ದಿನವೂ ಹೊಳೆಯ ಮನೆಗೆ ಬಂದು ಹೋಗುತ್ತಿದ್ದ ಅಳಿವೆಯಲ್ಲಿ, ಸಾಸಿವೆಗಿಂತ ಸಣ್ಣ ಹುಳುವೊಂದು ತೇಲುತ್ತಿತ್ತು. ಆ ಹುಳು ನಾನೇ!

ಕೆಸರು ಮುಟ್ಟಿದ್ದೇ ತಡ, ತೋಡತೊಡಗಿದೆ. ಜೋಕಾಲಿಯ ಹಗ್ಗದಂತೆ ಇಳಿದು ಏರುವ ಮನೆ, ಎರಡು ಬಾಗಿಲು. ಒಳಗೆ ನಾನು ಮೈ ಬಳುಕಿಸಿದರೆ ಸಾಕು, ಒಂದು ಬಾಗಿಲಿನಿಂದ ಹೊಸ ನೀರು ನುಗ್ಗುತ್ತಿತ್ತು. ನೀರಿನ ಜೊತೆ ಗಾಳಿ! ಅದು ತಾಗಿದಲ್ಲೆಲ್ಲ ಕಪ್ಪು ಕೆಸರು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಸುತ್ತಲೂ ನನ್ನಂಥವರದೇ ಮನೆಗಳು. ನಡುನಡುವೆ ಬಳಚು ಎಂಬ ಚಿಪ್ಪಿನ ಜೀವಿಗಳು ಹಾಯಾಗಿದ್ದವು.

ಇಳಿತದ ಹೊತ್ತಿಗೆ ಅವನ್ನು ಹೆಕ್ಕಲು ಬೀರಮ್ಮ ಸೊಸೆ ಮಂಕಾಳಿಯೊಡನೆ ಬರುತ್ತಿದ್ದಳು. ಅದೇ ಅವರ ಬದುಕು. ಆ ವರ್ಷ ಬಳಚು ಕಡಿಮೆ.

"ಈ ತೂತು ನೋಡೇ. ಹಾಳು ಹುಳ, ಬಳಚೆಲ್ಲ ತಿಂದು ಮುಗಿಸ್ತದೆ," ಎಂದಳು ಬೀರಮ್ಮ.

"ಹುಳಕ್ಕೆ ಚಿಪ್ಪು ಒಡೆಯೋ ಹಲ್ಲು ಎಲ್ಲುಂಟು ಅತ್ತೇ?"

"ನಿನ್ನ ಬಾಯಲ್ಲಿ ಉಂಟಲ್ಲ, ಸಾಕು!"

ಸಿಗಡಿ ಸಾಕುವ ಕೆರೆಗಳಿಗೆ ಸುಣ್ಣ ಹಾಕಿ ಹುಳ ಕೊಲ್ಲುವುದು ಆ ಊರಿನ ರೂಢಿ. ಮರುದಿನ ಅತ್ತೆ ಸೊಸೆ ಹೊಳೆಯ ಕೆಸರಿಗೂ ಬುಟ್ಟಿ ಬುಟ್ಟಿ ಸುಣ್ಣ ಸುರಿದರು. ಅಬ್ಬಾ, ಆ ಉರಿ! ಆಳಕ್ಕೆ ಓಡಿ ನಾನು ಬದುಕಿದೆ. ನೆರೆಯವರು ಉಳಿಯಲಿಲ್ಲ. ಬಾಗಿಲುಗಳು ಮುಚ್ಚಿದವು, ಕೆಸರು ಗಟ್ಟಿಯಾಯಿತು, ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಬಳಚುಗಳೂ ಒಂದೊಂದಾಗಿ ಬಾಯಿ ತೆರೆದು ಸತ್ತವು.

ನನ್ನ ಬಾಗಿಲ ಬಳಿ ಬಳಚು ತಾಯಿಯೊಬ್ಬಳು ಮಾತ್ರ ಉಸಿರಾಡುತ್ತಿದ್ದಳು. "ನನ್ನ ಮಕ್ಕಳು ಎಲ್ಲಿ ಇಳಿಯಬೇಕು?" ಎಂದಳು.

"ಹಾಸಿಗೆ ನಾನು ಹಾಸುತ್ತೇನೆ!" ಎಂದು ಮಾತು ಕೊಟ್ಟೆ.

ತೋಡಿದೆ, ಕೆಳಗಿನದನ್ನು ಮೇಲೆ ಉಗುಳಿದೆ, ಬಳುಕಿದೆ. ಅಷ್ಟರಲ್ಲಿ ಬೀರಮ್ಮ ಮತ್ತೆ ಸುಣ್ಣದ ಬುಟ್ಟಿ ಹೊತ್ತು ಬಂದಳು!

"ನಿಲ್ಲಿ ಅತ್ತೇ!" ಮಂಕಾಳಿ ಕೈಯಲ್ಲಿ ಕೆಸರು ಬಗೆದಳು. "ಎಲ್ಲ ಕಡೆ ಕಪ್ಪು. ಈ ತೂತಿನ ಸುತ್ತ ಮಾತ್ರ ಕಂದು. ಬದುಕಿದ ಬಳಚೂ ಇಲ್ಲೇ ಉಂಟು!"

ಬೀರಮ್ಮ ಮೂಸಿದಳು, ಮುಟ್ಟಿದಳು. "ಬುಟ್ಟಿ ಹೊರಿಸೇ. ಮನೆಗೆ ಹೋಗುವ."

ಏರಿ ಬಂದ ಭರತದ ನೀರು ಹೊಸ ಹುಳುಗಳನ್ನು ತಂದಿತು. "ಬನ್ನಿ, ತೋಡಿ!" ಎಂದು ಕೂಗಿ ಕರೆದೆ. ಮಳೆಗಾಲ ಕಳೆಯುವಷ್ಟರಲ್ಲಿ ಕೆಸರೆಲ್ಲ ಮೆದು, ಎಲ್ಲೆಲ್ಲೂ ಬಾಗಿಲು!

ಈಗ ನಾನು ಮುದಿ, ಬಳುಕಲು ತ್ರಾಣವಿಲ್ಲ. ಇಂದು ಮೇಲೆ ಬೀರಮ್ಮನ ಕೂಗು: "ಅಯ್ಯೋ, ಮೊಣಕಾಲವರೆಗೆ ಹೂತು ಹೋದೆ, ಎಳಿಯೇ ಮಾರಾಯ್ತೀ!" ಮಂಕಾಳಿ ಎಳೆಯುವುದು ಬಿಟ್ಟು ನಗುತ್ತಿದ್ದಾಳೆ. ಆ ಕಾಲುಗಳ ಸುತ್ತ, ಮರಳಿನ ಕಣದಷ್ಟು ಚಿಕ್ಕ ಬಳಚಿನ ಮಕ್ಕಳು, ನೂರಾರು, ತೇಲಿ ಬಂದು ನಾನು ಹಾಸಿದ ಹಾಸಿಗೆಯಲ್ಲಿ ಇಳಿದು ಮಲಗುತ್ತಿದ್ದಾರೆ.