ಹನ್ನೆರಡು ಸಲ ಹೌದು

ಕೇಸು ಕೇಳಿ ತೀರ್ಪು ಕೊಡುವ ಜ್ಯೂರಿಗೆ ಊರ ಜನರನ್ನು ಆರಿಸುವ ದಿನ, ಸ್ಕೂಲ್ ಬಸ್ ಓಡಿಸುವ ಸಿಗ್ನೆ ಹೌಗೆನ್ ಏನನ್ನೂ ಮುಚ್ಚಿಡಲಿಲ್ಲ. ಕಟಕಟೆಯಲ್ಲಿದ್ದ ರೋಲೆಂಡ್ ಪಿಕೆಟ್‌ನನ್ನು ನೋಡಿ, "ಇವನ ಮಗಳು ಟ್ರೂಡಿ ದಿನಾ ನನ್ನ ಬಸ್ಸಲ್ಲೇ ಸ್ಕೂಲಿಗೆ ಬರೋದು, ಸ್ವಾಮಿ" ಎಂದಳು.

"ಆದರೂ ನ್ಯಾಯವಾಗಿ ಯೋಚನೆ ಮಾಡೋಕಾಗುತ್ತಾ?" ಎಂದು ಜಡ್ಜ್ ಕೇಳಿದರು.

"ಪ್ರಯತ್ನ ಮಾಡ್ತೀನಿ."

ಮಿನೆಸೋಟಾದ ಆ ಪುಟ್ಟ ಊರಿನಲ್ಲಿ ಯಾರಿಗೂ ನೆಂಟರೋ ಪರಿಚಯದವರೋ ಅಲ್ಲದ ಹನ್ನೆರಡು ಜನರನ್ನು ಹುಡುಕುವುದೆಂದರೆ ಹೊಳೆಯೊಳಗೆ ಒಣಗಿದ ಕಲ್ಲು ಹುಡುಕಿದ ಹಾಗೆ. ಎರಡೂ ಕಡೆಯ ವಕೀಲರು ಅವಳನ್ನು ಒಪ್ಪಿಕೊಂಡರು.

ನಡೆದದ್ದು ಇಷ್ಟು. ಹೆಪ್ಪುಗಟ್ಟಿದ ಕೆರೆಯ ಮೇಲೆ ಗೆಳೆಯರ ಜೊತೆ ಮೀನು ಹಿಡಿಯುತ್ತ ಬಿಯರ್ ಕುಡಿದ ರೋಲೆಂಡ್, ಟ್ರಕ್ಕು ಓಡಿಸಿಕೊಂಡು ಮನೆಗೆ ಹೊರಟಿದ್ದ. ರಸ್ತೆ ಬದಿಯ ಡಬ್ಬಿಯಿಂದ ಟಪಾಲು ತರಲು ಬಂದಿದ್ದ ಮುದುಕ ಆಲ್ವಿನ್‌ಗೆ ಗುದ್ದಿದ. ಆಲ್ವಿನ್ ಅಲ್ಲೇ ಸತ್ತ. ಕುಡಿದದ್ದನ್ನು ರೋಲೆಂಡ್ ಅಲ್ಲಗಳೆಯಲಿಲ್ಲ. ಹಿಮದ ಮೇಲಿನ ಇಳಿಬಿಸಿಲು ಕಣ್ಣಿಗೆ ರಾಚಿ ಏನೂ ಕಾಣಲಿಲ್ಲ, ಕುಡಿಯದವನಿಗೂ ಕಾಣುತ್ತಿರಲಿಲ್ಲ ಎಂಬುದು ಅವನ ಪರ ವಕೀಲನ ವಾದ. ಆದರೆ ಹಿಂದಿನ ಕಾರಿನಲ್ಲಿದ್ದ ಪಾದ್ರಿ, ಅದೇ ಬಿಸಿಲಿನಲ್ಲಿ ತನಗೆ ಆಲ್ವಿನ್ ಕಂಡಿದ್ದನೆಂದೂ ಟ್ರಕ್ಕು ಅತ್ತಿತ್ತ ವಾಲುತ್ತಿತ್ತೆಂದೂ ಸಾಕ್ಷಿ ಹೇಳಿದರು.

ಜ್ಯೂರಿ ಕೋಣೆಯ ಬಾಗಿಲು ಮುಚ್ಚಿದ್ದೇ ತಡ, ಕಬ್ಬಿಣದ ಸಾಮಾನಿನ ಅಂಗಡಿಯ ಐನಾರ್ ಕಾಫಿ ಬಗ್ಗಿಸಿಕೊಳ್ಳುತ್ತ ಹೇಳಿದ: "ಬಿಯರ್ ಕುಡಿದು ಗಾಡಿ ಓಡಿಸದವರು ಈ ಮೇಜಿನ ಸುತ್ತ ಯಾರಿದ್ದೀರಿ, ಕೈ ಎತ್ತಿ ನೋಡೋಣ."

ಒಂದು ಕೈಯೂ ಏಳಲಿಲ್ಲ.

"ಮತ್ತೆ? ನಮ್ಮ ಅದೃಷ್ಟ ನೆಟ್ಟಗಿತ್ತು, ಅವನದು ಕೆಟ್ಟಿತ್ತು. ಅಷ್ಟೇ."

ಸಿಗ್ನೆಗೂ ಹಾಗೇ ಅನಿಸಿತ್ತು. ಮೊದಲ ಸುತ್ತಿನ ಮತದಲ್ಲಿ ತಪ್ಪಿಲ್ಲ ಎಂದ ನಾಲ್ವರಲ್ಲಿ ಅವಳೂ ಒಬ್ಬಳು. "ಹಿಂದಿನ ಸೀಟಲ್ಲಿ ಕೂತು ಕಿಟಕಿ ಮೇಲೆ ಬೆರಳಲ್ಲಿ ಕುದುರೆ ಬರೀತಾಳೆ ಆ ಹುಡುಗಿ. ಅವಳಪ್ಪನ್ನ ಜೈಲಿಗೆ ಕಳಿಸಿ ನಾನು ನಾಳೆ ಅವಳ ಮುಖ ಹೆಂಗೆ ನೋಡ್ಲಿ?"

ಹೋಟೆಲಿನಲ್ಲಿ ಅಡುಗೆ ಮಾಡುವ ಆರ್ಡಿಸ್ ಮೆಲ್ಲಗೆ ಹೇಳಿದಳು: "ಆಲ್ವಿನ್ ಮನೆಯಿಂದ ನಿಮ್ಮ ಬಸ್ಸು ಹತ್ತೋರು ಯಾರೂ ಇಲ್ಲ, ಸಿಗ್ನೆ. ಅದಕ್ಕೇ ನಿಮಗೆ ಆ ಮನೆ ನೆನಪಾಗ್ತಿಲ್ಲ."

ಸಿಗ್ನೆಗೆ ಕೆನ್ನೆಗೆ ಬಾರಿಸಿದಂತಾಯಿತು. ಮೂರು ದಿನವೂ ಕೋರ್ಟಿನ ಮುಂದಿನ ಸಾಲಿನಲ್ಲಿ, ಗಂಡನ ಟೊಪ್ಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಆಲ್ವಿನ್‌ನ ಮುದುಕಿ ಹೆಂಡತಿ ಕಣ್ಣಮುಂದೆ ಬಂದಳು. ಅವಳ ಮುಖವನ್ನು ತಾನು ನೇರವಾಗಿ ನೋಡಿಯೇ ಇರಲಿಲ್ಲ, ನೋಡಬಾರದೆಂದೇ ನೋಡಿರಲಿಲ್ಲ. ಪಾದ್ರಿಯ ಸಾಕ್ಷಿಯನ್ನು ಎಲ್ಲರೂ ಮತ್ತೆ ಎಳೆ ಎಳೆಯಾಗಿ ಬಿಡಿಸಿ ಮಾತಾಡಿದರು. ಮಧ್ಯಾಹ್ನದ ಹೊತ್ತಿಗೆ ಸಿಗ್ನೆ, "ತಪ್ಪು ತಪ್ಪೇ. ನಾನು ಮಾಡಿದ್ರೂ ತಪ್ಪೇ ಆಗ್ತಿತ್ತು" ಎಂದಳು. ಹನ್ನೆರಡೂ ಜನ ಒಪ್ಪಿದರೆ ಮಾತ್ರ ತೀರ್ಪು; ಕೊನೆಗೆ ಒಪ್ಪಿದವನು ಐನಾರ್. ಒಪ್ಪಿ, ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ರೋಲೆಂಡ್ ತಪ್ಪಿತಸ್ಥ ಎಂಬ ತೀರ್ಪು ಓದಿದ ಮೇಲೆ ಗುಮಾಸ್ತ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದ: ಇದು ನಿಮ್ಮ ತೀರ್ಪೇ? ಸಿಗ್ನೆಯ ಸರದಿ ಬಂದಾಗ ಅವಳು ಯಾರಿಗೂ ಕೇಳದಷ್ಟು ಮೆಲ್ಲಗೆ ಹೌದೆಂದಳು.

"ಜೋರಾಗಿ ಹೇಳಮ್ಮ" ಎಂದರು ಜಡ್ಜ್.

ರೋಲೆಂಡ್‌ನ ಹೆಂಡತಿ ಲೋರ್ನಾ ಅವಳನ್ನೇ ದಿಟ್ಟಿಸುತ್ತಿದ್ದಳು. "ಹೌದು" ಎಂದಳು ಸಿಗ್ನೆ. "ನನ್ನದೇ."

ರೋಲೆಂಡ್‌ನನ್ನು ಅಲ್ಲಿಂದಲೇ ಜೈಲಿಗೆ ಕರೆದೊಯ್ದರು.

ಮರುದಿನ ಪಿಕೆಟ್ ಮನೆಯ ಮುಂದೆ ಬಸ್ಸು ನಿಂತಿತು. ಯಾರೂ ಬರಲಿಲ್ಲ. ಲೋರ್ನಾ ಮಗಳನ್ನು ತಾನೇ ಕಾರಿನಲ್ಲಿ ಬಿಟ್ಟು ಬರುತ್ತಿದ್ದಾಳೆಂದು ತಿಳಿಯಿತು. ಆದರೂ ಸಿಗ್ನೆ ದಿನವೂ ನಿಲ್ಲಿಸಿ, ಬಾಗಿಲು ತೆರೆದು, ಸ್ವಲ್ಪ ಹೊತ್ತು ಕಾದೇ ಹೊರಡುತ್ತಿದ್ದಳು. ಒಳಗಿನ ಮಕ್ಕಳು ಚಳಿ ಚಳಿ ಎಂದು ಗೊಣಗುತ್ತಿದ್ದರು.

ಮುಂದಿನ ವಾರ, ಉಗುಳಿದರೆ ಉಗುಳೂ ಕಲ್ಲಾಗುವಂಥ ಚಳಿಯ ಬೆಳಿಗ್ಗೆ, ತಾಯಿ ಮಗಳು ಇಬ್ಬರೂ ಹಿಮ ತುಳಿಯುತ್ತ ಬಂದರು.

"ಕಾರ್ ಸ್ಟಾರ್ಟ್ ಆಗ್ಲಿಲ್ಲ, ಅದಕ್ಕೆ ಬಂದ್ವಿ" ಎಂದಳು ಲೋರ್ನಾ. ದನಿ ಬಿಗಿಯಾಗಿತ್ತು.

"ಒಳ್ಳೇದು. ಹತ್ತು ಟ್ರೂಡಿ, ಒಳಗೆ ಬೆಚ್ಚಗಿದೆ."

ಹುಡುಗಿ ಹಿಂದಿನ ಸೀಟಿಗೆ ಹೋದಳು. ಲೋರ್ನಾ ಮಾತ್ರ ಮೆಟ್ಟಿಲ ಬಳಿಯೇ ನಿಂತಳು. "ನಮ್ಮ ಮೇಲೆ ಏನಾದ್ರೂ ಸಿಟ್ಟಿತ್ತಾ ನಿಮಗೆ?"

"ಇಲ್ಲ ಕಣಮ್ಮ. ಇದ್ದಿದ್ರೆ ಕೋರ್ಟಲ್ಲಿ ಹೌದು ಅನ್ನೋದು ಸುಲಭ ಆಗ್ತಿತ್ತು."

ಲೋರ್ನಾ ಕೈಗವಸಿನಿಂದ ಮೂಗೊರೆಸಿಕೊಂಡಳು. "ನಾನವನಿಗೆ ಎಷ್ಟೋ ಸಲ ಹೇಳಿದ್ದೆ" ಎಂದಳು. ಬಸ್ಸಿನ ಹಿಂದೆ ಒಂದು ಟ್ರಕ್ಕು ಬಂದು ನಿಂತು ಕಾಯತೊಡಗಿತು.

"ಇವತ್ತಿಂದ ಅಂಗಡಿ ಕೆಲಸಕ್ಕೆ ಹೋಗ್ತಿದ್ದೀನಿ. ಸಂಜೆ ಬರೋದು ಲೇಟಾಗುತ್ತೆ. ಇವಳು ಬೀಗ ತೆಗೆದು ಒಳಗೆ ಹೋದ್ಮೇಲೆ ಹೊರಡ್ತೀರಾ?"

"ಒಳಗೆ ಲೈಟ್ ಹಾಕೋವರೆಗೂ ನಿಂತಿರ್ತೀನಿ" ಎಂದಳು ಸಿಗ್ನೆ.

ಲೋರ್ನಾ ತಲೆಯಾಡಿಸಿ ಹಿಂದೆ ಸರಿದಳು. ಸಿಗ್ನೆ ಬಾಗಿಲು ಮುಚ್ಚಿ ಗೇರು ಹಾಕಿದಳು.