ಎಡಗಾಲಿನ ಅಡವು

ಸರ್ವಮಂಗಳ ನೆಟ್ಟಗೆ ನಿಂತದ್ದನ್ನು ನಾನು ನೋಡಿದ್ದು ಕಡಿಮೆ. ನಲ್ಲಿಯ ಮುಂದೆ ಕೊಡ ತುಂಬುವುದನ್ನು ಕಾಯುವಾಗ, ತಳ್ಳುಗಾಡಿಯಲ್ಲಿ ಹೀರೇಕಾಯಿ ಆರಿಸುವಾಗ, ಹಾಲಿನ ಸಾಲಿನಲ್ಲಿ, ಎಲ್ಲಿಯೇ ಆಗಲಿ ಅವಳ ಪಾದಗಳು ತಾವಾಗಿಯೇ ಎರಡು ಬದಿಗೆ ತಿರುಗಿ, ಮೊಣಕಾಲು ಹೊರಕ್ಕೆ ಬಾಗಿ, ಸೊಂಟ ಒಂದು ಗೇಣು ಕೆಳಗಿಳಿದು, ಬೆನ್ನು ಮಾತ್ರ ಗೋಡೆಗೆ ಒರಗಿದಷ್ಟು ನೇರವಾಗಿರುತ್ತಿತ್ತು. ಭರತನಾಟ್ಯದವರು ಅದನ್ನು ಅರಮಂಡಿ ಎನ್ನುತ್ತಾರೆ. ಅರ್ಧ ಕೂತು ಅರ್ಧ ನಿಂತ ಆ ಭಂಗಿಯಿಂದಲೇ ಅವರ ಅಡವುಗಳು, ಅಂದರೆ ಹೆಜ್ಜೆಗಳು, ಹೊರಡುತ್ತವೆ. ಹರಿಹರದ ನಮ್ಮ ಓಣಿಯ ಹೆಂಗಸರಿಗೆ ಅದೊಂದು ತಮಾಷೆ. "ಸರ್ವಮಂಗಳಕ್ಕ ಮನಿಯಿಂದ್ಲೇ ಕುರ್ಚಿ ತಂದಾರೆ ನೋಡ್ರಿ, ನಮಗಷ್ಟೇ ಕಾಣಂಗಿಲ್ಲ" ಎಂದು ನಲ್ಲಿಯ ಹತ್ತಿರ ಯಾರಾದರೂ ಅಂದರೆ ಅವಳು ಆ ಭಂಗಿಯಿಂದ ಏಳದೆಯೇ, "ನೀನೂ ಬಾ, ಅಗಲ ಐತೆ, ಇಬ್ಬರು ಕೂಡಬೌದು" ಎನ್ನುತ್ತಿದ್ದಳು.

ಅವಳು ದಾವಣಗೆರೆಯ ಮಂಡಕ್ಕಿ ಭಟ್ಟಿಯವರ ಮಗಳು. ಹೊಗೆ, ಹೊಟ್ಟು, ಬಿಸಿ ಮರಳಿನ ನಡುವೆ ಬೆಳೆದ ಹುಡುಗಿಗೆ ನೃತ್ಯದ ಹುಚ್ಚು ಹೇಗೆ ಹತ್ತಿತೋ ಅವಳಿಗೇ ನೆನಪಿರಲಿಲ್ಲ. ನೃತ್ಯದ ಸೀನಿಯರ್ ಪರೀಕ್ಷೆ ಮುಗಿಸಿದ ವರ್ಷವೇ ಮದುವೆಯಾಗಿ ಹರಿಹರಕ್ಕೆ ಬಂದಳು. ಗಂಡ ಮಾಲತೇಶಪ್ಪ ದಾವಣಗೆರೆಯ ಬಟ್ಟೆ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತ. ದಿನವೂ ಬಸ್ಸಿನಲ್ಲಿ ಹೋಗಿಬರುವವನು, ಮೆತ್ತನೆಯ ಮಾತಿನವನು. ಹೆಣ್ಣು ನೋಡಲು ಬಂದ ದಿನ ಅವನ ತಾಯಿ ಕಸ್ತೂರಮ್ಮ, "ಕಲಿಸ್ಲಿ ಬಿಡ್ರಿ, ನಮ್ದೇನು ಅಡ್ಡಿ ಇಲ್ಲ. ಮನಿ ಕೆಲ್ಸ ಆದ್ಮ್ಯಾಲೆ" ಎಂದಿದ್ದರಂತೆ. ಹುಡುಗಿಯ ಕಡೆಯವರು ಮೊದಲ ಎರಡು ಮಾತು ಕೇಳಿ ಹಿಗ್ಗಿದರು. ಮೂರನೆಯದರ ಜೊತೆ ಸರ್ವಮಂಗಳ ಬಾಳ್ವೆ ಮಾಡಿದಳು.

ಮನೆಗೆಲಸ ಆದ ಮೇಲೆ ಎಂಬ ಹೊತ್ತು ಯಾವ ಮನೆಯಲ್ಲಿಯೂ ಇಲ್ಲ, ಅದನ್ನು ಕದಿಯಬೇಕು. ಬೆಳಕು ಹರಿಯುವ ಮೊದಲು ನೀರು ಹಿಡಿದು, ಅಟ್ಟದ ಮೇಲಿನ ಡ್ರಮ್ಮಿಗೆ ಹೊತ್ತು, ಜೋಳದ ರೊಟ್ಟಿ ಬಡಿದು, ಒಗೆಯುವ ಕಲ್ಲಿನ ಮೇಲೆ ಎಲ್ಲರ ಬಟ್ಟೆ ಬಡಿದು, ಒಳಕಲ್ಲಿನಲ್ಲಿ ಮೆಣಸಿನಕಾಯಿ ಹಿಂಡಿ ಕುಟ್ಟಿ, ಕುಕ್ಕರಗಾಲಲ್ಲಿ ತೆವಳುತ್ತ ಇಡೀ ಮನೆಯ ನೆಲ ಒರೆಸಿ, ಮಧ್ಯಾಹ್ನ ಅತ್ತೆಯ ಮಂಚವನ್ನು ಪಡಸಾಲೆಯಿಂದ ಒಳಕ್ಕೆ ಸರಿಸಿದರೆ ಅಲ್ಲಿ ಹುಡುಗಿಯರು ಕೈ ಚಾಚುವಷ್ಟು ಜಾಗವಾಗುತ್ತಿತ್ತು. ಶಾಲೆ ಬಿಟ್ಟ ಮೇಲೆ ಅವರು ಬರುತ್ತಿದ್ದರು. ಮಾಲತೇಶಪ್ಪ ಬಸ್ಸಿಳಿಯುವ ಹೊತ್ತಿಗೆ ಮಂಚ ಮರಳಿ ಪಡಸಾಲೆಗೆ ಬಂದಿರಬೇಕಿತ್ತು. ನನ್ನ ಮಗಳು ಅಂಕಿತಾ ಆ ಹುಡುಗಿಯರಲ್ಲಿ ಒಬ್ಬಳು. ದಾವಣಗೆರೆಯ ಕಾಲೇಜಿನಲ್ಲಿ ಪಾಠ ಮಾಡಿ ಬರುತ್ತಿದ್ದ ನಾನು, ಅವಳನ್ನು ಕರೆದುಕೊಂಡು ಹೋಗುವ ನೆಪದಲ್ಲಿ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದೆ.

ಪಾಠವೆಂದರೆ ಹೀಗೆ. ಮರದ ಮಣೆಯ ಮೇಲೆ ಕೋಲಿನಿಂದ ತಾಳ ತಟ್ಟುತ್ತ, ತೈಯ ತೈ ಎಂದು ಸೊಲ್ಲು ಹೇಳುತ್ತ, ನಡುನಡುವೆ ಅಡುಗೆಮನೆಯ ಕಡೆ ಮೂಗು ತಿರುಗಿಸಿ ಹಾಲು ಉಕ್ಕಿತೇನೋ ಎಂದು ಮೂಸುತ್ತ ಅವಳು ಕಲಿಸುತ್ತಿದ್ದಳು. ಶಾಸ್ತ್ರದ ಮಾತುಗಳನ್ನು ಹುಡುಗಿಯರಿಗೆ ಉರುಹೊಡೆಸುತ್ತಿರಲಿಲ್ಲ. ಕಾಲು ಚಾಚಿ ಹಿಮ್ಮಡಿ ಊರುವ ನಾಟಡವು ಬರದಿದ್ದರೆ, "ಒರೆಸಿದ ನೆಲದ ಮ್ಯಾಲೆ ನಿಮ್ಮವ್ವ ಬೈತಾಳಂತ ಹೆಂಗೆ ಹೆಜ್ಜಿ ಇಡ್ತೀಯ? ಹಿಮ್ಮಡಿ ಮೊದ್ಲು, ಹಂಗೆ" ಎನ್ನುವಳು. ಸಂಚಾರಿ ಎಂದರೇನು ಮಿಸ್ ಎಂದು ಒಬ್ಬಳು ಕೇಳಿದಾಗ, "ಹಾಡಿನಾಗ ಸಾಲು ಒಂದೇ ಇರ್ತೈತೆ. ಅದನ್ನ ಒಂದೊಂದ್ ಸಲ ಒಂದೊಂದ್ ಥರ ಅಭಿನಯಿಸಿ ತೋರ್ಸೋದು. ಎದ್ದೇಳು ಅನ್ನೋ ಒಂದೇ ಮಾತು ನಿಮ್ಮವ್ವ ಬೆಳಿಗ್ಗೆ ಎಷ್ಟು ಥರ ಹೇಳ್ತಾಳೆ?" ಎಂದಳು. ಹುಡುಗಿಯರು ನಕ್ಕು ನಕ್ಕು ನೆಲಕ್ಕೆ ಕೂತರು. ಅವಳು ಕೋಲು ತಟ್ಟಿ, "ಆಯ್ತಲ್ಲ, ಮುಂದೆ" ಎಂದಳು. ನಗುವಿಗೂ ಅಳುವಿಗೂ ಅವಳು ಹೇಳುತ್ತಿದ್ದುದು ಅದನ್ನೇ.

ದಾವಣಗೆರೆ ಜಿಲ್ಲೆಯಾದ ಮರುವರ್ಷ ಅಲ್ಲಿನ ಮಹಿಳಾ ಸಂಘವೊಂದು ಸಮಾರಂಭ ಏರ್ಪಡಿಸಿ, ಹರಿಹರದ ಮಕ್ಕಳಿಂದಲೂ ಒಂದು ನೃತ್ಯ ಬೇಕೆಂದು ಹೇಳಿಕಳಿಸಿತು. ಗುರುಗಳಿಂದ ಬಂದ ನೃತ್ಯಬಂಧಗಳನ್ನು ಬಂದಂತೆಯೇ ಒಪ್ಪಿಸಿದರೆ ಸಾಕಿತ್ತು. ಆದರೆ ಸರ್ವಮಂಗಳಳ ತಲೆಯಲ್ಲಿ ಎಷ್ಟೋ ವರ್ಷಗಳಿಂದ ಸ್ವಂತದ್ದೊಂದು ಕುದಿಯುತ್ತಿತ್ತು. ನೃತ್ಯದ ಹಾಡುಗಳಲ್ಲಿ ಸಾಮಾನ್ಯವಾಗಿ ಒಬ್ಬ ನಾಯಕಿ ಇರುತ್ತಾಳೆ, ನಲ್ಲನಿಗಾಗಿ ಕಾಯುತ್ತಾಳೆ, ಹೋಗಿ ಕರೆದು ತಾ ಎಂದು ಸಖಿಯನ್ನು ಕಳಿಸುತ್ತಾಳೆ.

"ನಾಯಕಿ ಕೂತಲ್ಲೇ ಕೂತಿರ್ತಾಳೆ. ಸಖಿ ಓಡಾಡ್ತಾಳೆ" ಎಂದಳು ಒಂದು ಸಂಜೆ, ಸೊಪ್ಪು ಸೋಸುತ್ತ. "ಅಲ್ರಿ ಮೇಡಂ, ಅಷ್ಟೊತ್ತನಕ ಆ ಸಖಿ ಮನಿ ಕೆಲ್ಸ ಯಾರು ಮಾಡ್ತಾರೆ?"

ನಾನು ಜೋರಾಗಿ ನಕ್ಕೆ. ಅವಳು ನಗಲಿಲ್ಲ. ಆ ಪ್ರಶ್ನೆಯನ್ನೇ ಅವಳು ನೃತ್ಯವಾಗಿ ಕಟ್ಟಿದಳು. ಬರುವೆನೆಂದವನು ಬರಲಿ ಬಿಡಲಿ, ನೀನು ಬಾ ಎಂದು ಸಖಿ ತಿರುಗಿ ನಾಯಕಿಯನ್ನೇ ಕೈಹಿಡಿದು ಎಬ್ಬಿಸಿ ತನ್ನ ಮನೆಗೆ ಕರೆದೊಯ್ಯುತ್ತಾಳೆ. ಅಲ್ಲಿ ಇಬ್ಬರೂ ಸೇರಿ ನೀರು ಸೇದುತ್ತಾರೆ, ರೊಟ್ಟಿ ಬಡಿಯುತ್ತಾರೆ. ರೊಟ್ಟಿಯ ಲಯ ಮೆಲ್ಲನೆ ಪಾದಕ್ಕಿಳಿದು, ಎಲ್ಲ ಹುಡುಗಿಯರೂ ಒಟ್ಟಾಗಿ ಎಡ ಬಲ ಎಡ ಬಲ ತಟ್ಟುತ್ತ ತೀರ್ಮಾನ ಎನ್ನುವ ಮುಕ್ತಾಯದ ಏರು ಹೆಜ್ಜೆಗಳಿಗೆ ಮುಟ್ಟುತ್ತಾರೆ. ಆ ಹೆಜ್ಜೆಗಳನ್ನು ಅವಳು ರೊಟ್ಟಿ ಬಡಿಯುವಾಗಲೇ ಲೆಕ್ಕ ಹಾಕಿದ್ದಳು. ಹಿಟ್ಟಿನ ಕೈ, ಅಲುಗುವ ತುಟಿ. ಕಸ್ತೂರಮ್ಮ ಅದನ್ನು ನೋಡಿ, ಸೊಸೆ ಈಚೀಚೆಗೆ ಜಪ ಮಾಡುತ್ತಾಳೆಂದು ಓಣಿಯಲ್ಲಿ ಹೇಳಿಕೊಂಡು ಬಂದರು.

ಆಗಲೇ ಅವಳ ಎಡ ಮೊಣಕಾಲು ಊದಿತು. ಎಣ್ಣೆ, ಬಿಸಿ ಉಪ್ಪಿನ ಶಾಖ, ಯಾವುದಕ್ಕೂ ಬಗ್ಗಲಿಲ್ಲ. ಕಡೆಗೆ ಮಾಲತೇಶಪ್ಪ ಅವಳನ್ನು ದಾವಣಗೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ನನಗೆ ಪರಿಚಯದವರಾದ್ದರಿಂದ ನಾನೂ ಜೊತೆಗಿದ್ದೆ. ಡಾಕ್ಟರು ಎಕ್ಸರೇ ಹಿಡಿದು ನೋಡಿ ಸ್ಪಷ್ಟವಾಗಿಯೇ ಹೇಳಿದರು. "ಕೀಲು ಸವೆದೈತ್ರಿ. ಕುಕ್ಕರಗಾಲಲ್ಲಿ ಕೂಡೋದು, ನೆಲ ಒರೆಸೋದು, ಕೂತು ಬಟ್ಟೆ ಒಗೆಯೋದು, ಕೊಡ ಹೊತ್ತು ಮೆಟ್ಟಿಲು ಹತ್ತೋದು, ಇವನ್ನೆಲ್ಲ ನಿಲ್ಲಿಸ್ರಿ. ಮನಿಯಾಗ ಬೇರೆ ಯಾರಿಗಾದ್ರೂ ಹೇಳ್ರಿ." ನೃತ್ಯದ ಮಾತು ಅಲ್ಲಿ ಬರಲೇ ಇಲ್ಲ. ಎಲ್ಲಿ ಅದನ್ನೂ ನಿಲ್ಲಿಸು ಎನ್ನುವರೋ ಎಂಬ ಭಯಕ್ಕೆ ಸರ್ವಮಂಗಳ ಅದನ್ನು ಹೇಳಿರಲಿಲ್ಲ. ಮಾಲತೇಶಪ್ಪ ಪ್ರತಿ ಮಾತಿಗೂ ತಲೆಯಾಡಿಸಿ, ಮಾತ್ರೆ ಕೊಂಡು, ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟ.

ಮನೆಯಲ್ಲಿ ಕಸ್ತೂರಮ್ಮ, "ಏನಂದ್ರಪ್ಪ?" ಎಂದರು.

"ಕುಣಿಯೋದು ಬಿಡ್ಬೇಕಂತವ್ವ" ಎಂದ ಮಾಲತೇಶಪ್ಪ.

ಅವನು ಸುಳ್ಳು ಹೇಳಲಿಲ್ಲ. ಅವನ ಮುಖ ನೋಡಿದ ಯಾರಿಗಾದರೂ ಅದು ತಿಳಿಯುತ್ತಿತ್ತು. ಅವನ ಕಿವಿಗೆ ಬಿದ್ದದ್ದೇ ಅಷ್ಟು. ಆ ಮನೆಯಲ್ಲಿ ಬಿಡಬಹುದಾದದ್ದು ಎಂದು ಇದ್ದದ್ದು ಅದೊಂದೇ. ನಿಲ್ಲಿಸ್ರಿ ಎಂಬ ಮಾತು ಕೇಳಿದೊಡನೆ ಅವನ ಮನಸ್ಸು ನೇರವಾಗಿ ಅಲ್ಲಿಗೇ ಹೋಗಿ ನಿಂತಿತ್ತು.

"ಡಾಕ್ಟ್ರು ನೆಲ ಒರೆಸ್ಬೇಡಿ ಅಂದ್ರು ಕಸ್ತೂರಮ್ಮ, ನೀರು ಹೊರಬೇಡಿ ಅಂದ್ರು" ಎಂದೆ ನಾನು.

"ನೆಲ ತಾನೇ ಒರೆಸ್ಕೊಳ್ತೈತೇನವ್ವ?" ಎಂದರು ಅವರು, ಕೋಪವಿಲ್ಲದೆ. ಆಮೇಲೆ ಮಂಚದ ಮೇಲೆ ಕಾಲು ಚಾಚಿ, ಸೀರೆ ತುಸು ಮೇಲೆತ್ತಿ, ಗಂಟು ಕಟ್ಟಿದ ತಮ್ಮ ಮೊಣಕಾಲುಗಳನ್ನು ತೋರಿಸಿದರು. "ಕೆಲ್ಸ ಅಂದ್ರ ಎಲ್ಲಾರಿಗೂ ನೋಯ್ತೈತೆ. ನನ್ನ ಮಣಕಾಲು ನೋಡಿಲ್ಲಿ, ಏಳಾಕೆ ಬರಂಗಿಲ್ಲ, ಕೂಡಾಕೆ ಬರಂಗಿಲ್ಲ. ನಾನೇನು ಒಂದಿನಾನಾದ್ರೂ ಕುಣಿದೀನೇನು?"

ತಾವು ಹೇಳಿದ್ದು ಏನೆಂದು ಅವರಿಗೆ ಕೇಳಿಸಲಿಲ್ಲ. ಮಾಲತೇಶಪ್ಪನಿಗೂ ಕೇಳಿಸಲಿಲ್ಲ. ಸರ್ವಮಂಗಳ ಮಾತ್ರ ಅತ್ತೆಯ ಮೊಣಕಾಲುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು ಒಲೆಯ ಕಡೆ ಹೋದಳು.

ಒಂದು ರಾಜಿಯಾಯಿತು. ಸಮಾರಂಭ ಮುಗಿಯುವವರೆಗೆ ಪಾಠ ನಡೆಯಲಿ, ಅವಳು ಕುರ್ಚಿಯ ಮೇಲೆ ಕೂತು ಹೇಳಿಕೊಡಲಿ. ನೀರು, ನೆಲ, ಬಟ್ಟೆ ಎಂದಿನಂತೆ. ಅವಳು ಕೂತು ಸೊಲ್ಲು ಹೇಳುತ್ತಿದ್ದಳು, ಕೈಯಲ್ಲಿ ತೋರಿಸುತ್ತಿದ್ದಳು. ಆದರೆ ಹೆಜ್ಜೆಯನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಎಷ್ಟು ತಿಳಿದೀತು? ತಾಳಲಾರದೆ ಏಳುವಳು, ಬಲಗಾಲಿನ ಮೇಲೆ ಭಾರ ಬಿಟ್ಟು, ಎಡಗಾಲನ್ನು ನೆಲಕ್ಕೆ ಸೋಕಿಸಿದಂತೆ ಮಾಡಿ, ತಿರುಗುವಾಗ ಗೋಡೆ ಹಿಡಿದು, ಇಡೀ ಅಡವನ್ನು ಒಮ್ಮೆ ಆಡಿ ತೋರಿಸಿ ಮತ್ತೆ ಕುರ್ಚಿಗೆ ಕುಸಿಯುವಳು. ಹುಡುಗಿಯರು ಕಣ್ಣು ಮಿಟುಕಿಸದೆ ನೋಡಿಕೊಳ್ಳುತ್ತಿದ್ದರು. ಮಿಸ್ ಎಷ್ಟು ನೋವಿನಲ್ಲಿ ತೋರಿಸುತ್ತಾರೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಕೂದಲೆಳೆಯಷ್ಟೂ ತಪ್ಪದಂತೆ ಕಲಿತರು.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಸರ್ವಮಂಗಳ ವೇದಿಕೆಯ ಬದಿಯಲ್ಲಿ ಕೂತು ತಾಳ ಹಿಡಿದಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ. ಸಖಿ ನಾಯಕಿಯ ಕೈಹಿಡಿದು ಎಳೆದಾಗ ಹಿಂದಿನ ಸಾಲಿನ ಹೆಂಗಸರು ಗೊಳ್ಳೆಂದು ನಕ್ಕರು. ರೊಟ್ಟಿ ಬಡಿಯುವ ಹೊತ್ತಿಗೆ ಯಾರೋ ಸೊಗಸಾಗಿ ಶಿಳ್ಳೆ ಹಾಕಿದರು. ಸರ್ವಮಂಗಳಳ ಮುಖ ಅರಳಿತು. ಎಲ್ಲ ಹುಡುಗಿಯರೂ ಸಾಲಾಗಿ ನಿಂತು ತೀರ್ಮಾನ ಶುರುಮಾಡಿದರು. ಬಲಗಾಲು ಬಿದ್ದಾಗ ವೇದಿಕೆಯ ಹಲಗೆ ಗುಡುಗಿತು. ಎಡಗಾಲು ಬಿದ್ದಾಗ ಸದ್ದಿರಲಿಲ್ಲ. ಮತ್ತೆ ಬಲಗಾಲು, ಗುಡುಗು. ಮತ್ತೆ ಎಡಗಾಲು, ಬರೀ ಗೆಜ್ಜೆಯ ಕಿಣಿಕಿಣಿ. ಅಷ್ಟೂ ಮಕ್ಕಳು, ಆರೋಗ್ಯವಾದ ಕಾಲಿನ ಮಕ್ಕಳು, ಒಟ್ಟಾಗಿ ಬಲಕ್ಕೆ ವಾಲಿಕೊಂಡು, ಎಡಗಾಲನ್ನು ನೆಲಕ್ಕೆ ಸೋಕಿಸಿ ಎತ್ತಿಕೊಳ್ಳುತ್ತಿದ್ದರು. ತಿರುಗುವಾಗ ಅಂಕಿತಾಳ ಕೈ, ಅಲ್ಲಿ ಇಲ್ಲದ ಗೋಡೆಯನ್ನು ಹಿಡಿಯುವಂತೆ ಒಂದು ಕ್ಷಣ ಚಾಚಿ ಹಿಂದೆ ಬಂತು.

ಸರ್ವಮಂಗಳ ತಾಳ ಬಿಡಲಿಲ್ಲ. ತಲೆ ಬಗ್ಗಿಸಿಕೊಂಡು, ಮಕ್ಕಳ ಕಾಲುಗಳನ್ನು ನೋಡದೆ, ಕಡೆಯವರೆಗೂ ತಟ್ಟಿದಳು. ಚಪ್ಪಾಳೆ ಜೋರಾಗಿಯೇ ಬಿತ್ತು. ಅತಿಥಿಯಾಗಿ ಬಂದಿದ್ದ ನೃತ್ಯಶಿಕ್ಷಕಿಯೊಬ್ಬರು ಬಂದು ವಿನಯದಿಂದ ಹೇಳಿದರು: "ಕಲ್ಪನೆ ಬಹಳ ಚೆನ್ನಾಗಿದೆ. ಎಡಗಾಲನ್ನು ಸ್ವಲ್ಪ ತಿದ್ದಿಬಿಡಿ."

ಮರುದಿನ ಪಡಸಾಲೆಯಲ್ಲಿ ಅವಳು ತಿದ್ದಲು ನೋಡಿದಳು. "ಎಡಗಾಲು ಗಟ್ಟಿ ಬಡಿ ಅಂಕಿತಾ" ಎಂದಳು. ಅಂಕಿತಾ ಬಡಿದಳು, ಎರಡು ಸಲ ಸರಿಯಾಗಿ ಬಿತ್ತು, ಲಯ ಏರಿದೊಡನೆ ಮತ್ತೆ ಹಗುರಾಯಿತು. "ಮಿಸ್, ನೀವು ತೋರ್ಸಿದ್ದು ಹಿಂಗೇ ಅಲ್ವ?" ಎಂದಳು, ಅಷ್ಟು ಚೆನ್ನಾಗಿ ಕಲಿತಿದ್ದೇನೆಂಬ ಹೆಮ್ಮೆಯಲ್ಲಿ.

ಹುಡುಗಿಯರು ಹೋದ ಮೇಲೆ ಸರ್ವಮಂಗಳ ನನ್ನನ್ನು ನಿಲ್ಲಿಸಿದಳು. "ಬಾಯಿಲೆ ತಿದ್ದಾಕೆ ಬರಂಗಿಲ್ರಿ ಮೇಡಂ. ಎದ್ದು ತೋರಿಸ್ಬೇಕು. ನಾನು ತೋರ್ಸಿದ್ರೆ ಮತ್ತೆ ಇದನ್ನೇ ಕಲೀತಾರೆ. ಇವ್ರನ್ನ ದಾವಣಗೆರಿಗೆ ಕಳಸ್ರಿ, ಬ್ಯಾರೆ ಯಾರಾದ್ರೂ ತಿದ್ಲಿ. ನಂದು ಸಾಕು." ನಾನು ಏನೇನೋ ಹೇಳಿದೆ: ಕೆಲಸದವಳನ್ನು ಇಟ್ಟುಕೊಳ್ಳಿ, ಮಾಲತೇಶಪ್ಪನವರ ಹತ್ತಿರ ನಾನು ಮಾತಾಡುತ್ತೇನೆ, ಕೆಲವು ತಿಂಗಳು ಕಾಲಿಗೆ ವಿಶ್ರಾಂತಿ ಸಿಕ್ಕಿದರೆ ಸಾಕು. ಅವಳು ಕೇಳಿಸಿಕೊಂಡಳು. "ಮಂಚ ಆ ಕಡಿ ಹಿಡ್ಕೊಳ್ರಿ ತುಸು" ಎಂದಳು. ಇಬ್ಬರೂ ಸೇರಿ ಅತ್ತೆಯ ಮಂಚವನ್ನು ಪಡಸಾಲೆಗೆ ಸರಿಸಿದೆವು. ಆಮೇಲೆ ಅದು ಅಲ್ಲಿಂದ ಕದಲಲಿಲ್ಲ. ಸಖಿಯ ನೃತ್ಯವನ್ನು ಮತ್ತೆ ಯಾರೂ ಆಡಲಿಲ್ಲ.

ಅದಾಗಿ ಎಷ್ಟೋ ವರ್ಷಗಳಾದವು. ಹೋದ ತಿಂಗಳು ನಲ್ಲಿಯ ಹತ್ತಿರ ಅವಳು ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳ ಜೊತೆ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. ಕಾಲಿಗೆ ಏನಾಯಿತಕ್ಕ ಎಂದು ಆ ಹುಡುಗಿ ಕೇಳಿದ್ದಳು. "ಸಣ್ಣಾಕಿ ಇದ್ದಾಗ ಭಾಳ ಕುಣಿದಿದ್ದೆ ನೋಡವ್ವ. ಕುಣಿದು ಕುಣಿದು ಹಾಳ್ ಮಾಡ್ಕೊಂಡೆ" ಎಂದು ಹೇಳಿ ಸರ್ವಮಂಗಳ ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡಳು.

ಇಂಥ ಹೆಂಗಸರು ಪ್ರತಿ ಊರಿನಲ್ಲಿಯೂ ಇದ್ದಾರೆ. ಒಂದು ಕಾಲಕ್ಕೆ ಹಾಡುತ್ತಿದ್ದವರು, ಬರೆಯುತ್ತಿದ್ದವರು, ಕುಣಿಯುತ್ತಿದ್ದವರು. ಮನೆ ಅವರ ಮೈಯಿಂದ ತನಗೆ ಬೇಕಾದಷ್ಟನ್ನು ಮೊದಲು ತೆಗೆದುಕೊಂಡು, ಉಳಿದದ್ದರಲ್ಲಿ ನಿನ್ನ ಕಲೆ ಮಾಡಿಕೋ ಎನ್ನುತ್ತದೆ. ಉಳಿದದ್ದು ಸಾಲದೆ ಹೋದ ದಿನ, ಕಲೆಯೇ ಮೈಯನ್ನು ತಿಂದಿತು ಎನ್ನುತ್ತದೆ. ಅವರಿಂದ ಕಲೆ ದೂರವಾದದ್ದನ್ನು ನಾನು ಹೇಗೋ ನೋಡಿ ಸಹಿಸಿದ್ದೇನೆ. ಸಹಿಸಲಾಗದಿರುವುದು ಇದು: ಕೊನೆಗೊಂದು ದಿನ ಅವರೇ, ಯಾರ ಒತ್ತಾಯವೂ ಇಲ್ಲದೆ, ಮನೆಯ ಪರವಾಗಿ ಆ ಸಾಕ್ಷಿಯನ್ನು ಹೇಳುತ್ತಾರೆ, ಮತ್ತು ಅಷ್ಟರೊಳಗೆ ಅದನ್ನು ನಂಬಿಯೂ ಇರುತ್ತಾರೆ.